ಹುಲ್ಲಿನ ಮೇಲಿಟ್ಟ ಹರಿಗೋಲು

ಸಾಣಾಪುರದ ಕೆರೆಯಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಗಿರಗಿರ ತಿರುಗುವ ಹರಿಗೋಲುಗಳನ್ನು ಹೆಣೆಯುತ್ತಿದ್ದವನು ನೂರಸಾಬ. ಅವು ಮುಳುಗದಂತೆ ನೋಡಿಕೊಂಡವಳು ಅವನ ಹೆಂಡತಿ ಕಾಸೀಮಬೀ. ಬಿದಿರಿನ ಹೆಣಿಗೆಯ ಹೊರಗೆ ಚೀಲ ಹೊಲಿದು, ಕಾಯಿಸಿದ ಡಾಂಬರು ಬಳಿಯುವುದು ಅವಳ ಕೆಲಸ. ಫೋಟೋದವರು ಬಂದಾಗಲೆಲ್ಲ ನೂರಸಾಬನ ಕೈಗಳ ಚಿತ್ರವನ್ನೇ ತೆಗೆದರು. ಕರಿ ಮೆತ್ತಿದ ಕೈ ಯಾರಿಗೆ ಬೇಕು?

ಕಳೆದ ವರ್ಷ ಎದೆನೋವೆಂದು ಮಲಗಿದ ನೂರಸಾಬ ಏಳಲಿಲ್ಲ. ನಲವತ್ತನೇ ದಿನದ ಫಾತೇಹಾ ಆಯಿತು, ಗಂಡ ಸತ್ತವಳು ಮನೆಯೊಳಗೇ ಕಳೆಯುವ ಇದ್ದತ್ತಿನ ನಾಲ್ಕು ತಿಂಗಳೂ ಮುಗಿಯಿತು, ಕಾಸೀಮಬೀಗೆ ಏನೂ ಅನ್ನಿಸಲೇ ಇಲ್ಲ. ರೊಟ್ಟಿ ಬಡಿದಳು, ಮೇಕೆಗೆ ನೀರಿಟ್ಟಳು, ಮಾತಾಡಿಸಿದವರಿಗೆ ಹೂಂ ಎಂದಳು. ಅವನು ಕೊನೆಗೆ ಹೆಣೆದ ಹರಿಗೋಲು ಡಾಂಬರು ಕಾಣದೆ ಅಂಗಳದಲ್ಲಿ ಬೋರಲು ಬಿದ್ದಿತ್ತು. ಅದರಲ್ಲಿ ಜನ ಕೂತು ನೀರಿನ ಮೇಲೆ ಹೋಗಬೇಕು ಎಂಬುದೊಂದೇ ಅವಳಿಗೆ ಉಳಿದಿದ್ದ ಆಸೆ. ಆದರೆ ಊರಿನವರೆಲ್ಲ ಫೈಬರ್ ಹರಿಗೋಲಿನ ಹಿಂದೆ ಬಿದ್ದಿದ್ದರು.

ಅಷ್ಟರಲ್ಲಿ ಗಂಗಾವತಿಯ ರವಿಕುಮಾರ ಫೋನು ಮಾಡಿದ. ಅವನು ಹೈದರಾಬಾದಿನಲ್ಲಿ ಉದ್ಯಾನಗಳ ಗುತ್ತಿಗೆ ಹಿಡಿಯುವವನು. ಅಲ್ಲೊಂದು ಕೆರೆಯ ದಂಡೆಯ ಹಳೇ ಮೊಹಲ್ಲಾವನ್ನು ಹೊಸದು ಮಾಡಿದ್ದಾರೆ, ಅಲ್ಲಿಗೆ ಅಸಲಿ ಬಿದಿರಿನ ಹರಿಗೋಲು ಬೇಕು ಎಂದ. ಕಾಸೀಮಬೀ ಡಾಂಬರು ಕಾಯಿಸಲು ಕೂತಳು. ಏತಕ್ಕೆ ಬೇಕು ಎಂದು ಕೇಳಲಿಲ್ಲ. ಸಾಣಾಪುರದಲ್ಲಿ ಹುಟ್ಟಿದವರು ಹರಿಗೋಲಿನ ಬಗ್ಗೆ ಕೇಳುವ ಪ್ರಶ್ನೆಯೇ ಅದಲ್ಲ. ದಾರಿಯ ಕುಲುಕಾಟಕ್ಕೆ ಬಿರುಕು ಬಿಟ್ಟರೆ ಅಲ್ಲೇ ಮೆತ್ತಬೇಕೆಂದು ಡಾಂಬರಿನ ಡಬ್ಬಿ, ಚೀಲ ಕೊಯ್ಯುವ ಚೂರಿ ಹಿಡಿದು, ಅಣ್ಣನ ಮಗ ತಾಹೇರನ ಟೆಂಪೋ ಹತ್ತಿ ತಾನೂ ಹೊರಟಳು.

ಮೊದಲು ಗಬ್ಬು ನಾರುತ್ತಿದ್ದ ಜಾಗವಂತೆ ಅದು. ಈಗ ನುಣುಪು ಕಲ್ಲು, ಸಾಲು ದೀಪ, ಕಾಫಿ ಅಂಗಡಿ, ಹಳೇ ಗೋದಾಮಿನ ಗೋಡೆಯ ಮೇಲೆ ಬಣ್ಣಬಣ್ಣದ ಮೀನು. ಚಡ್ಡಿ ಹಾಕಿದ ದೊಡ್ಡವರು ಬೆವರು ಸುರಿಸಿಕೊಂಡು ಓಡುತ್ತಿದ್ದರು, ಯಾರೂ ಅವರ ಬೆನ್ನು ಹತ್ತಿರಲಿಲ್ಲ. ನಾಯಿಗಳು ಸಹ ಬಾಟಲಿ ನೀರು ಕುಡಿಯುತ್ತಿದ್ದವು. ಕೆರೆಯೇನೋ ಇತ್ತು, ಅದರ ಮುಂದೆ ಈ ತುದಿಯಿಂದ ಆ ತುದಿಗೆ ಎದೆಮಟ್ಟದ ಸರಳಿನ ಬೇಲಿ. ಕಾಸೀಮಬೀ ಇಳಿಯುವ ಮೆಟ್ಟಿಲು ಹುಡುಕುತ್ತ ಉದ್ದಕ್ಕೂ ನಡೆದಳು. ನೀರಿನ ದಂಡೆಯೆಂದರೆ ನೀರಿಗಿಳಿಯುವ ಜಾಗ ಎಂದುಕೊಂಡವರು ಅಂಥ ಕಡೆ ಹೋಗಬಾರದು.

ತಿರುಗಿ ಬರುವಷ್ಟರಲ್ಲಿ ಹರಿಗೋಲು ಹುಲ್ಲಿನ ನಡುವೆ ಸಿಮೆಂಟು ದಿಮ್ಮಿಗಳ ಮೇಲೆ ಕೂತಿತ್ತು. ಪಕ್ಕದಲ್ಲಿ ಅದರೊಳಗೆ ತುಂಬಲು ಮಣ್ಣಿನ ಚೀಲ, ನೆಡಲು ಹೂವಿನ ಸಸಿಗಳು. ಬೇರು ಕೊಳೆಯದಂತೆ ತಳಕ್ಕೊಂದು ತೂತು ಹಾಕಬೇಕು ಎಂದ ರವಿಕುಮಾರ. ಅವನ ಆಳು ಡ್ರಿಲ್ ಮಶಿನ್ ಹಿಡಿದು ನಿಂತಿದ್ದ.

ಒಮ್ಮೆಯಾದರೂ ನೀರಿಗೆ ಬಿಟ್ಟು ಆಮೇಲೆ ಏನು ಬೇಕಾದರೂ ಮಾಡಿಕೊಳ್ಳಿ ಎಂದು ಅವಳು ಕೇಳಿದಳು. ರವಿಕುಮಾರ ಕೆಟ್ಟವನೇನಲ್ಲ. ಬೇಲಿ ತೋರಿಸಿ, ಈ ನೀರು ಮುಟ್ಟಲು ಯಾರಿಗೂ ಪರವಾನಗಿ ಇಲ್ಲ ಎಂದು ಮೆಲ್ಲಗೆ ಹೇಳಿದ. ತಾಹೇರ ಸಿಟ್ಟಿಗೆದ್ದು, ವಾಪಸು ಒಯ್ಯೋಣ ನಡಿ ಎಂದ. ಒಯ್ದು ಮಾಡುವುದೇನು? ಊರಲ್ಲಿ ಅದನ್ನು ಹತ್ತುವವರು ಯಾರು? ಕಾಸೀಮಬೀಗೆ ಸಿಟ್ಟು ಕೂಡ ಬರಲಿಲ್ಲ.

“ಮಶಿನ್ ಹಚ್ಚಬ್ಯಾಡ್ರಿ, ಹೆಣಿಗಿ ಹರಿತೈತಿ. ಅದು ನಮ್ಮ ಯಜಮಾನ್ರ ಕೈಯಾಂದು,” ಎಂದಳು. “ಡಾಂಬರಷ್ಟ ನಂದು. ತೂತು ನಾನ ಮಾಡ್ತೀನ್ರಿ.”

ಎರಡು ಬಿದಿರು ಪಟ್ಟಿಗಳ ಸಂದಿನಲ್ಲಿ ಚೂರಿ ಇಳಿಸಿ ಚೀಲವನ್ನೂ ಡಾಂಬರನ್ನೂ ದುಂಡಗೆ ಕೊಯ್ದಳು. ಬಿದಿರಿನ ಒಂದು ಎಳೆಯೂ ತುಂಡಾಗಲಿಲ್ಲ. ನೋಡೋಣ ಎಂದು ರವಿಕುಮಾರ ಒಳಗೆ ಒಂದು ಬಕೆಟ್ ನೀರು ಸುರಿದ.

ಹೊಸ ಹರಿಗೋಲಿಗೆ ನೂರಸಾಬ ಹೀಗೆಯೇ ನೀರು ಸುರಿಯುತ್ತಿದ್ದ. ಅವಳು ಕೆಳಗೆ ಕೈ ತೂರಿಸಿ ತಳ ಸವರಿ, ಸೋರುತ್ತದೋ ಇಲ್ಲವೋ ಹೇಳುವಳು. ಅವರ ಸಂಸಾರ ನಡೆದದ್ದೇ ಹಾಗೆ. ಈಗಲೂ ಯೋಚಿಸದೆ ಮಂಡಿಯೂರಿ ಕೈ ತೂರಿಸಿದಳು. ಅಂಗೈ ತುಂಬ ನೀರು ಬಂದು ಮೊಣಕೈಗೆ ಇಳಿಯಿತು.

“ಸೋರಾಕತ್ತೈತ್ರೀ,” ಎಂದು ಮೇಲಿದ್ದವನಿಗೆ ಹೇಳಿದಳು.

“ಸೋರ್ಲಿ ಬಿಡ್ರಿ, ಅದಕ್ಕ ಅಲ್ಲೇನ್ರಿ ತೂತು ಮಾಡಿದ್ದು,” ಎಂದ ರವಿಕುಮಾರ.

ಆ ದನಿ ನೂರಸಾಬನದಾಗಿರಲಿಲ್ಲ. ಗಂಡ ಸತ್ತಿದ್ದಾನೆ ಎಂಬುದು ಕಾಸೀಮಬೀಗೆ ಆಗ ತಿಳಿಯಿತು. ಒಳಗಿನ ನೀರೆಲ್ಲ ಹೋಗುವವರೆಗೂ ಅವಳು ಕೈ ತೆಗೆಯಲಿಲ್ಲ.