ಖಾಲಿ ಸದ್ದಿಗೆ ಎದ್ದ ಪಾದ

ಮೈಮೇಲೆ ದೇವರು ಬರುತ್ತದೆ ಎಂಬುದನ್ನು ನಾನು ನಂಬಿದವಳಲ್ಲ, ಮಕ್ಕಳೇ. ಕೆಂಚಾರ್ಲಹಳ್ಳಿಯ ನನ್ನ ನಾದಿನಿಗೆ ಬರುತ್ತಿತ್ತು. ಅವಳು ಕೂದಲು ಬಿಚ್ಚಿಕೊಂಡು ತೂಗಾಡುವಾಗ ಎಲ್ಲರೂ ಕೈಮುಗಿದರೆ, ನಾನು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದೆ. ಬೇಕೆಂದೇ ಮಾಡುತ್ತಾಳೆ ಎಂದುಕೊಂಡಿದ್ದೆ. ಈಗ ಹಾಗೆ ಹೇಳಲು ನನಗೆ ಮುಖವಿಲ್ಲ.

ನಿಮ್ಮ ತಾತ ಹೋದ ಮೇಲೆ ನಾನು ಜಂಗಮಕೋಟೆಯಲ್ಲಿ ನಿಮ್ಮ ಅಮ್ಮನ ಜೊತೆ ಇದ್ದೆ. ಒಂದು ಸಲ ರೇಷ್ಮೆಹುಳು ಹಣ್ಣಾದಾಗ, ಅವನ್ನು ಆರಿಸಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಡಲು ಬಹಳ ಹೊತ್ತು ಕುಕ್ಕರುಗಾಲಿನಲ್ಲಿ ಕೂತಿದ್ದೆ. ಎದ್ದಾಗ ಬಲಪಾದ ಮೇಲಕ್ಕೆ ಬರಲೇ ಇಲ್ಲ. ಮಂಡಿಯ ಪಕ್ಕದ ನರ ಒತ್ತಿಹೋಗಿದೆ ಎಂದರು ಡಾಕ್ಟರು. ನಡೆದರೆ ಬೆರಳು ನೆಲಕ್ಕೆ ಉಜ್ಜುತ್ತಿತ್ತು, ಚಪ್ಪಲಿ ಕಳಚಿ ಹಿಂದೆ ಉಳಿಯುತ್ತಿತ್ತು. ಬಚ್ಚಲಿಗೆ ಹೋಗಲೂ ನಿಮ್ಮ ಅಮ್ಮನ ಭುಜ ಬೇಕಾಗಿತ್ತು.

ಚಿಕ್ಕಬಳ್ಳಾಪುರದ ಒಂದು ಆಸ್ಪತ್ರೆಯಲ್ಲಿ ಶಬಾನಾ ಎಂಬ ಇಂಜಿನಿಯರ್ ಹುಡುಗಿ ಅಯಸ್ಕಾಂತದ ಮೆಷೀನೊಂದನ್ನು ಪರೀಕ್ಷೆ ಮಾಡುತ್ತಿದ್ದಳು. ನಿಮ್ಮ ಅಮ್ಮ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಶಬಾನಾ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವವರ ಮನೆಯವಳು. ತಂತಿಯ ಸುರುಳಿಯನ್ನು ಮಂಡಿಯ ಪಕ್ಕ ಹಿಡಿದರೆ ಟಕ್ ಎಂದು ಸದ್ದಾಗುತ್ತಿತ್ತು, ನರ ಎಚ್ಚೆತ್ತು ಪಾದ ತಾನಾಗಿ ಏಳುತ್ತಿತ್ತು. ಹಳೆಯ ಮೆಷೀನ್ ಬೀರುವಿನಷ್ಟು ದೊಡ್ಡದು. ಕರೆಂಟು ಬಹಳ ತಿನ್ನುತ್ತಿತ್ತು, ಸುರುಳಿ ಬೇಗ ಕಾದುಹೋಗುತ್ತಿತ್ತು. ಇವಳು ತಂತಿ ಸುತ್ತುವ ಬಗೆಯನ್ನೂ ಕರೆಂಟು ಬಿಡುವ ರೀತಿಯನ್ನೂ ಬದಲಿಸಿ, ಸಣ್ಣ ಬ್ಯಾಟರಿಯಲ್ಲೇ ಆ ಕೆಲಸ ಮಾಡಿಸಲು ಹೊರಟಿದ್ದಳು.

"ಆಗ ಮನೇಲೇ ಇಟ್ಕೋಬಹುದು ಅಜ್ಜಿ, ಮಿಕ್ಸಿ ಥರ," ಎಂದಳು. "ಪಾದ ಏಳೋದು ಕರೆಂಟಿಗೇನಾ ಅಂತ ತಿಳಿಯೋಕೆ, ನಡುನಡುವೆ ಕರೆಂಟ್ ಬಿಡದೆ ಬರೀ ಸದ್ದು ಮಾಡ್ತೀನಿ. ಯಾವಾಗ ಅಂತ ಹೇಳಲ್ಲ. ನೀವು ಕಾಲು ಸಡಿಲ ಬಿಟ್ಟು ಕೂತ್ಕೊಳ್ಳಿ."

ಸೀರೆಯನ್ನು ಮಂಡಿಯವರೆಗೆ ಸರಿಸಿ ಕೂರಲು ನನಗೆ ನಾಚಿಕೆ. ಟಕ್ ಎಂದಾಗಲೆಲ್ಲ ಪಾದ ಎದ್ದಿತು. ಅವಳು ಕರೆಂಟು ಇಳಿಸುತ್ತಾ ಹೋದಳು. ಇಷ್ಟು ಇಳಿಸಿದರೂ ಏಳುತ್ತಿದೆ ಎಂದು ಅವಳ ಮುಖ ಅರಳಿತು. ಆ ಮುಖ ನೋಡಿ, ಇನ್ನೂ ಏಳಲಿ ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಅಷ್ಟೇ.

ಸ್ವಲ್ಪ ಹೊತ್ತಿಗೆ ಅವಳ ನಗು ನಿಂತಿತು. "ಅಜ್ಜಿ, ಈಗ ಮಾಡಿದ್ದೆಲ್ಲ ಖಾಲಿ ಸದ್ದು. ನೀವೇ ಎತ್ತುತ್ತಾ ಇದ್ದೀರಾ?"

"ಇಲ್ಲ ಕಣಮ್ಮ, ದೇವರಾಣೆ!"

ಬಾಗಿಲ ಹತ್ತಿರ ನಿಂತಿದ್ದ ನಿಮ್ಮ ಅಮ್ಮ, "ಮನೇಲಿ ಬಚ್ಚಲಿಗೆ ಹೋಗೋಕೆ ನನ್ನ ಭುಜ ಬೇಕು. ಇಲ್ಲಿ ತಾಳ ಹಾಕ್ತಿದ್ದೀಯಲ್ಲಮ್ಮ!" ಎಂದಳು.

ನಾನು ಸೀರೆ ಎಳೆದು ಕಾಲು ಮುಚ್ಚಿಕೊಂಡೆ. ಶಬಾನಾ ಮೆಷೀನನ್ನು ದೂರ ಸರಿಸಿ, ಈಗ ಎತ್ತಿ ನೋಡಿ ಎಂದಳು. ಹಲ್ಲು ಕಚ್ಚಿ ಪ್ರಯತ್ನಿಸಿದೆ, ಏಳಲಿಲ್ಲ. ಮತ್ತೆ ಖಾಲಿ ಸದ್ದು ಮಾಡಿದಳು. ಈ ಸಲ ಏಳಲೇಬಾರದು ಎಂದು ಎರಡೂ ಕೈಯಲ್ಲಿ ತೊಡೆಯನ್ನು ಒತ್ತಿ ಹಿಡಿದಿದ್ದೆ. ಯಾರದೋ ಪಾದದಂತೆ ಅದು ಎದ್ದಿತು.

"ಪರವಾಗಿಲ್ಲ ಬಿಡಿ ಅಜ್ಜಿ. ಇವತ್ತಿಂದು ಲೆಕ್ಕಕ್ಕೆ ಬೇಡ," ಎಂದಳು ಶಬಾನಾ. ಅವಳ ಇಡೀ ದಿನದ ಕೆಲಸ ನನ್ನಿಂದ ಹಾಳಾಯಿತು. ಬೈದಿದ್ದರೆ ವಾಸಿಯಿತ್ತು.

ಹೊರಗೆ ಮೆಟ್ಟಿಲಿಳಿಯುವಾಗ ಚಪ್ಪಲಿ ಕಳಚಿ ಬಿತ್ತು. ನನಗೆ ಒಳಗೇ ಹಿಗ್ಗು. ಸದ್ಯ, ಕಾಲಿಗೆ ಬಲವಿಲ್ಲದ್ದನ್ನು ಮಗಳು ನೋಡಿದಳಲ್ಲ! ಅವಳು ಬಗ್ಗಿ ಚಪ್ಪಲಿ ತೊಡಿಸಿದಳು. ತಲೆ ಎತ್ತದೆಯೇ ಕೇಳಿದಳು, "ಇದನ್ನ ನೀನೇ ಬೀಳಿಸಿದ್ಯಾಮ್ಮ?"

ಪಾದ ಕೆಲವು ತಿಂಗಳಲ್ಲಿ ಸರಿಹೋಯಿತು. ಆ ಪ್ರಶ್ನೆಗೆ ಮಾತ್ರ ನಾನು ಇವತ್ತಿಗೂ ಉತ್ತರ ಕೊಟ್ಟಿಲ್ಲ. ಇಲ್ಲ ಎಂದುಬಿಡಬಹುದಿತ್ತು. ಆದರೆ ಮೆಟ್ಟಿಲಿಗೆ ಕಾಲಿಡುವಾಗ, ಚಪ್ಪಲಿ ಬೀಳಲಿ ಎಂದು ಮನಸ್ಸಿನಲ್ಲಿ ಅಂದುಕೊಂಡಿದ್ದೆ. ಅಷ್ಟೇ.