ಗಂಟು ಹಾಕಿದ ಜೊಂಡು

ಕಳೆದ ವಾರ ಅಟ್ಟ ಗುಡಿಸಲು ಹತ್ತಿದ ಕೆಲಸದವಳು ಒಂದು ಕುಡುಗೋಲನ್ನು ಕೆಳಗಿಳಿಸಿ, ಗುಜರಿಗೆ ಹಾಕಲೇ ಎಂದು ಕೇಳಿದಳು. ಅಲಗು ತುಕ್ಕು ಹಿಡಿದು ಕೆಂಪಾಗಿತ್ತು. ಹಿಡಿ ಮಾತ್ರ ಇನ್ನೂ ನುಣುಪಾಗಿತ್ತು. ಕೈಗೆ ತೆಗೆದುಕೊಂಡೆ, ಮತ್ತೆ ಕೆಳಗಿಡಲು ಆಗಲಿಲ್ಲ. ಅದು ನನ್ನದಲ್ಲ, ನೀರಗಂಟಿ ತಾತನದು.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಚಿತ್ರದುರ್ಗದ ಕಡೆಯಿಂದ ಮದುವೆಯಾಗಿ ವಿಜಯನಗರಕ್ಕೆ ಬಂದು, ಪ್ರೈಮರಿ ಶಾಲೆಯೊಂದರಲ್ಲಿ ಟೀಚರ್ ಆಗಿದ್ದೆ. ನಮ್ಮದು ಕೊನೆಯ ಕ್ರಾಸು, ಅದರಾಚೆ ಕೆರೆ. ಕೆರೆಯ ನೀರನ್ನು ಗದ್ದೆಗಳಿಗೆ ಬಿಡುವ ಕೆಲಸ ತಲೆತಲಾಂತರದಿಂದ ತಾತನ ಮನೆಯವರದು. ಗದ್ದೆಗಳೆಲ್ಲ ಸೈಟುಗಳಾಗಿ, ನೀರು ಬಿಡಲು ಜಾಗವೇ ಇಲ್ಲದಿದ್ದರೂ ತಾತ ದಿನಾ ಬೆಳಿಗ್ಗೆ ಚಪ್ಪಲಿ ಕಳಚಿಟ್ಟು ಕೆರೆ ಏರಿ ಹತ್ತುತ್ತಿದ್ದರು. ತೂಬಿಗೆ ಸಿಕ್ಕ ಕಸ ತೆಗೆದು, ಹಕ್ಕಿಗಳನ್ನು ನೋಡುತ್ತಾ ಒಂದಿಷ್ಟು ಹೊತ್ತು ಕೂತಿದ್ದು ಹೋಗುತ್ತಿದ್ದರು.

ಅವರನ್ನು ನೋಡಿಯೇ ನಮ್ಮ ಕ್ರಾಸಿನ ಏಳೆಂಟು ಮನೆಯವರು ಭಾನುವಾರಗಳಂದು ಕೆರೆ ಕೆಲಸಕ್ಕೆ ಇಳಿದೆವು. ಕಾಲುವೆಗೆ ಬಿದ್ದ ಕಸ ಎತ್ತುವುದು, ಏರಿಯ ಬಿರುಕಿಗೆ ಮಣ್ಣು ಮೆತ್ತುವುದು, ಹಕ್ಕಿಗೆ ಕಲ್ಲು ಹೊಡೆಯುವವರನ್ನು ಗದರಿಸುವುದು... ತಾತನಿಗೆ ಮಾತು ಕಡಿಮೆ. ಕೇಳಿದರೆ ಹೇಳುವರು, ಇಲ್ಲದಿದ್ದರೆ ತಮ್ಮ ಪಾಡಿಗೆ ತಾವು. ನಮಗೋ ಓದಿದವರೆಂಬ ಜಂಬ, ಕೇಳುವ ಅಭ್ಯಾಸವೇ ಇರಲಿಲ್ಲ.

ಒಂದು ಶ್ರಾವಣದಲ್ಲಿ ಸುದ್ದಿ ಬಂತು. ಕೆರೆ ಮುಚ್ಚಿ ಸೈಟು ಮಾಡುವ ಯೋಚನೆ ಇದೆ, ಸೋಮವಾರ ಒಬ್ಬ ಅಧಿಕಾರಿ ನೋಡಲು ಬರುತ್ತಾರೆ ಎಂದು. ತಾತ ಅಣ್ಣನ ತಿಥಿಗೆಂದು ಮಾಗಡಿ ಕಡೆ ಹೋಗಿದ್ದರು. ಕೆರೆ ಚೊಕ್ಕಟವಾಗಿ ಕಂಡರೆ ಉಳಿಯುತ್ತದೆ ಎಂದು ನಾವು ನಾವೇ ತೀರ್ಮಾನಿಸಿದೆವು. ಭಾನುವಾರ ನಾನು ತಾತನ ಮನೆಗೆ ಹೋಗಿ ಅಜ್ಜಿಯಿಂದ ಈ ಕುಡುಗೋಲು ಇಸಿದುಕೊಂಡು ಬಂದೆ.

ದಡದ ಜೊಂಡು ಎದೆಯೆತ್ತರ ಬೆಳೆದಿತ್ತು. ಅಲ್ಲಲ್ಲಿ ಯಾರೋ ನಾಲ್ಕೈದು ತುದಿಗಳನ್ನು ಸೇರಿಸಿ ಗಂಟು ಹಾಕಿದ್ದರು. "ನೋಡ್ರೀ, ಕೊಯ್ಯೋಕೆ ಅನುಕೂಲ ಆಗ್ಲಿ ಅಂತ ತಾತ ಮೊದ್ಲೇ ಕಟ್ಟಿಟ್ಟಿದಾರೆ," ಎಂದವಳು ನಾನೇ. ಗಂಟು ಹಾಕಿದ್ದನ್ನೇ ಹುಡುಕಿ ಹುಡುಕಿ ಕೊಯ್ದೆವು. ಬುಡದಲ್ಲಿ ಕೊಳೆತ ಪಾಚಿಯ ಗುಪ್ಪೆಗಳು ತೇಲುತ್ತಿದ್ದವು. ಕಸವೆಂದು ಅವನ್ನೂ ಬಾಚಿ ಏರಿಯ ಮೇಲೆ ಎಸೆದೆವು. ಮಧ್ಯಾಹ್ನದ ಹೊತ್ತಿಗೆ ದಡ ಬೋಳಾಯಿತು. ನಮಗೆಲ್ಲ ಹೆಮ್ಮೆಯೋ ಹೆಮ್ಮೆ... ಅದನ್ನು ನೆನೆದರೆ ಈಗಲೂ ನಾಚಿಕೆಯಿಂದ ಮೈ ಹಿಡಿಯಾಗುತ್ತದೆ.

ಮರುದಿನ ಬೆಳಿಗ್ಗೆ ತಾತ ಬಂದರು. ಏರಿಯ ಮೇಲೆ ಕೂತು ಒಂದೊಂದೇ ಗುಪ್ಪೆ ಬಿಡಿಸಿದರು. ಒಳಗೆ ಮೊಟ್ಟೆಗಳಿದ್ದವು. ಆ ಗುಪ್ಪೆಗಳೇ ಗುಳುಮುಳುಕ ಹಕ್ಕಿಯ ತೇಲುವ ಗೂಡುಗಳು; ಗೂಡಿನಿಂದ ಇಳಿಯುವಾಗ ಅದು ಮೊಟ್ಟೆಗಳ ಮೇಲೆ ಪಾಚಿ ಮುಚ್ಚಿ ಹೋಗುತ್ತದಂತೆ. ನಮಗೆ ಅದೂ ಗೊತ್ತಿರಲಿಲ್ಲ.

"ಗಂಟು ಹಾಕಿರೋದು ಗೂಡೈತೆ, ಮುಟ್ಬೇಡಿ ಅಂತ ಕಣವ್ವ," ಎಂದರು. ದನಿ ಏರಿಸಲಿಲ್ಲ. "ನಮ್ಮೂರೋರು ಯಾರೂ ಮುಟ್ತಿರ್ಲಿಲ್ಲ. ನಿಮ್ಗೆ ಬಾಯ್ಬಿಟ್ಟು ಹೇಳ್ಬೇಕಿತ್ತು ನಾನು."

ತಪ್ಪನ್ನೂ ತಮ್ಮ ಮೇಲೆಯೇ ಎಳೆದುಕೊಂಡರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ನನಗೆ ಅಳು ಬಂತು.

ಹನ್ನೊಂದು ಗಂಟೆಗೆ ಅಧಿಕಾರಿ ಬಂದರು. ಇಲ್ಲಿ ಹಕ್ಕಿಗಳು ಮರಿ ಮಾಡುತ್ತವೆ, ಕೆರೆ ಮುಚ್ಚಬೇಡಿ ಎಂದು ಕೇಳಿಕೊಂಡೆ. ಅವರು ಬೋಳು ದಡವನ್ನು, ಬರಿದಾದ ನೀರನ್ನು ಒಮ್ಮೆ ನೋಡಿದರು.

"ಎಲ್ಲಮ್ಮಾ ಹಕ್ಕಿ?"

ತೋರಿಸಲು ಒಂದೂ ಇರಲಿಲ್ಲ. ಮುಂದಿನ ಬೇಸಿಗೆಗೆ ಲಾರಿಗಳು ಮಣ್ಣು ತಂದು ಸುರಿದವು. ಹಕ್ಕಿ ಇದ್ದಿದ್ದರೂ ಮುಚ್ಚುತ್ತಲೇ ಇದ್ದರು ಎಂದು ನಮ್ಮ ಯಜಮಾನರು ಇಂದಿಗೂ ಸಮಾಧಾನ ಹೇಳುತ್ತಾರೆ. ಇರಬಹುದು. ಆದರೆ ಆ ಅಧಿಕಾರಿ ಕೇಳಿದಾಗ ಬೆರಳು ತೋರಿಸಲು ಆಗಲಿಲ್ಲವಲ್ಲ, ಅದು ನನ್ನ ಕೈಯಾರೆ ಆದದ್ದು.

ಕುಡುಗೋಲು ಹಿಂದಿರುಗಿಸಲು ಹೋದಾಗ ತಾತ ಮುಟ್ಟಲಿಲ್ಲ. "ನೀನೇ ಇಟ್ಕೊಳವ್ವ, ಇನ್ ನಂಗೇನ್ ಕೆಲ್ಸ ಅದ್ರಲ್ಲಿ," ಎಂದರು. ಅದಾದ ಮೇಲೂ ಕೆಲವು ವರ್ಷ ಬೆಳಿಗ್ಗೆ ಬರುತ್ತಿದ್ದರು. ಏರಿ ಇದ್ದ ಕಡೆ ರಸ್ತೆಯಾಗಿತ್ತು. ಅಲ್ಲಿಗೆ ಬಂದಾಗ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ದಾಟುತ್ತಿದ್ದರು. ಒಂದು ಮಳೆಗಾಲದಿಂದೀಚೆಗೆ ಕಾಣಲಿಲ್ಲ... ತೀರಿಕೊಂಡದ್ದು ನನಗೆ ತಿಳಿದದ್ದೂ ತಡವಾಗಿಯೇ.

ಗುಜರಿಗೆ ಬೇಡ ಎಂದೆ. ಹಳೆ ಸೀರೆಯ ತುಂಡಿನಲ್ಲಿ ಕುಡುಗೋಲು ಸುತ್ತಿ, ಮೇಲೊಂದು ಗಂಟು ಹಾಕಿ ಅಟ್ಟಕ್ಕೆ ಕೊಟ್ಟೆ. ಇದನ್ನು ಮುಟ್ಟಬೇಡ ಎಂದು ಕೆಲಸದವಳಿಗೆ ಬಾಯಿಬಿಟ್ಟೂ ಹೇಳಿದೆ.