ಚೆನ್ನು ಗಣಿತದಲ್ಲಿ ಪಾಸಾದದ್ದು

ಕಡಬದ ಹತ್ತಿರದ ಚೆನ್ನು ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಫೇಲಾದದ್ದು ಗಣಿತ ಒಂದರಲ್ಲೇ. ಎಪ್ಪತ್ತೆಂಟರಲ್ಲಿ ಊರಿಗೆ ಬಾಲವಾಡಿ ಬರುವುದೆಂದಾಯಿತು. ಪಾಸಾದವರಿಗೆ ಮಾತ್ರ ಅಲ್ಲಿ ಟೀಚರ್ ಕೆಲಸ. ಇನ್ನೊಂದೇ ಸಲ ಕಟ್ಟು, ಆಮೇಲೆ ಅಮ್ಮನೊಟ್ಟಿಗೆ ಚಾಪೆ ಹೆಣೆಯುತ್ತ ಕೂತರಾಯಿತು ಎಂದು ಅಣ್ಣ ದುಗ್ಗಪ್ಪ ಮೊದಲೇ ಹೇಳಿಬಿಟ್ಟ.

ಕೇರಳದಿಂದ ಬಂದು ರಬ್ಬರ್ ಹಾಕಿದ್ದ ನೆರೆಮನೆಯವರ ಸೊಸೆ ಮರಿಯಕುಟ್ಟಿ ಹೈಸ್ಕೂಲ್ ಟೀಚರು. ಭಾನುವಾರ ಇಗರ್ಜಿಯಿಂದ ಬಂದ ಮೇಲೆ ಚೆನ್ನುವಿಗೆ ಪಾಠ ಹೇಳಿ, ವಾರಕ್ಕಾಗುವಷ್ಟು ಲೆಕ್ಕ ಕೊಟ್ಟು ಕಳಿಸುವರು. ತ್ರಿಕೋನ, ವೃತ್ತ ಚೆನ್ನುವಿಗೆ ಕಷ್ಟವಾಗಲಿಲ್ಲ. ತೊಡಕೆಲ್ಲ ಬೀಜಗಣಿತದ್ದು. ಎ ಕೂಡಿಸು ಬಿ, ಅದರ ವರ್ಗ ಎಷ್ಟೆಂದರೆ ಎ ವರ್ಗ, ಬಿ ವರ್ಗ ಎಂದು ಎರಡೇ ಬರೆದು ತರುವಳು. ನಡುವಿನ ಎರಡು ಎಬಿ ಪ್ರತಿ ಸಲವೂ ಬಿಟ್ಟುಹೋಗುವುದು.

"ಬಾಯಿಪಾಠ ಮಾಡಿದ್ದು ಪರೀಕ್ಷೆಯಲ್ಲಿ ನಿಲ್ಲುದಿಲ್ಲ ಚೆನ್ನು. ಅದು ಎಲ್ಲಿಂದ ಬಂತು ಅಂತ ನಿನಗೆ ಕಾಣ್ಬೇಕು," ಎಂದರು ಟೀಚರು.

ಆ ವಾರ ಅಕ್ಕನ ಮಗುವಿನ ಚಾಪೆ ಮನೆಗೆ ಬಂತು. ಮಗುವಿನ ಚಾಪೆ ಎಸೆಯುವ ಕ್ರಮ ಅವರಲ್ಲಿಲ್ಲ. ಮಗು ಬೆಳೆದಂತೆ ಎರಡು ಬದಿಗೆ ಕೇದಗೆ ಜಾತಿಯ ಮುಂಡೇವಿನ ಗರಿ ಸೇರಿಸಿ ದೊಡ್ಡದು ಮಾಡುವುದು. ಅಮ್ಮ ಚೌಕದ ಚಾಪೆಯ ಬಲಕ್ಕೊಂದು, ಕೆಳಗೊಂದು ಪಟ್ಟಿ ಹೆಣೆದರು. ಮೂಲೆಯಲ್ಲಿ ಸಣ್ಣ ಚೌಕ ಬಾಕಿ ಉಳಿಯಿತು.

ಗರಿ ಸೀಳುತ್ತಿದ್ದ ಚೆನ್ನುವಿನ ಕೈ ನಿಂತಿತು. ಹಳೇ ಚಾಪೆ ಎ ವರ್ಗ, ಮೂಲೆ ಬಿ ವರ್ಗ. ತಾನು ಇಷ್ಟು ದಿನ ಹೆಣೆದದ್ದು ಆ ಎರಡನ್ನೇ. ಬದಿಯ ಪಟ್ಟಿಗಳೇ ಇಲ್ಲ! ಒಂದೊಂದು ಪಟ್ಟಿಯೂ ಎ ಉದ್ದ, ಬಿ ಅಗಲ. ಅಂಥವು ಎರಡು.

ಭಾನುವಾರ ಟೀಚರಿಗೆ ತಿದ್ದಲು ಒಂದೂ ಸಿಗಲಿಲ್ಲ. ನಂಬಿಕೆ ಬಾರದೆ, ಎ ಕಳೆ ಬಿ, ಅದರ ವರ್ಗ ಮಾಡು ನೋಡುವ ಎಂದರು. ಚೆನ್ನು ಬೆರಳಿನಿಂದ ನೆಲದ ಮೇಲೆ ಚೌಕದ ಚಾಪೆ ಬರೆದು ತೋರಿಸಿದಳು.

"ಎರಡು ಬದಿಯ ಪಟ್ಟಿಯನ್ನೂ ಪೂರ್ತಿ ಉದ್ದಕ್ಕೆ ಕಳೆದರೆ ಮೂಲೆ ಎರಡು ಸಲ ಹೋಗ್ತದೆ ಟೀಚರ್. ಒಂದು ಸಲ ವಾಪಸ್ ಕೊಡ್ಬೇಕು. ಹಾಗೆ ಬಿ ವರ್ಗ ಕೂಡಿಸುದು."

ಮರಿಯಕುಟ್ಟಿ ಒಳಗೆ ಹೋಗಿ ತಾವೇ ಚಹಾ ಮಾಡಿ ತಂದುಕೊಟ್ಟರು.

ಸುಳ್ಯದಲ್ಲಿ ಪರೀಕ್ಷೆ ಮುಗಿಯಿತು. ಫಲಿತಾಂಶದ ದಿನ ಪೇಪರಿನಲ್ಲಿ ನಂಬರ್ ಮೊದಲು ಕಂಡವನು ದುಗ್ಗಪ್ಪನೇ. ಪೇಟೆಯಿಂದ ಮನೆಯವರೆಗೆ ಕೇಳಿದವರಿಗೂ ಕೇಳದವರಿಗೂ ಅದನ್ನು ತೋರಿಸುತ್ತ ಬಂದ. ಮರುದಿನ ಬಾಲವಾಡಿಯ ಅರ್ಜಿ ಕೊಡಲು ತಂಗಿ ಹೊರಟಾಗ, ಬಸ್ಸಿನ ಬಾಗಿಲಲ್ಲಿ ನಿಂತಿದ್ದವರಿಗೆ ಅವನು ಹೇಳಿದ:

"ಸ್ವಲ್ಪ ದಾರಿ ಬಿಡಿ ಮಾರಾಯ್ರೆ. ಟೀಚರ್ ಹತ್ಲಿಕ್ಕೆ ಉಂಟು."